ಮಾಸ್ತರರ ಗಿಟಾರು, ನನ್ನ ತಲೆ

ನಲವತ್ತನಾಲ್ಕನೆಯ ವಯಸ್ಸಿಗೆ ನಾನು ಲ್ಯಾಟಿನ್ ರಾಕ್ ಬ್ಯಾಂಡ್ ಸೇರಿದೆ ಎಂಬುದನ್ನು ಧಾರವಾಡದಲ್ಲಿರುವ ನನ್ನ ಅಕ್ಕ ಇವತ್ತಿಗೂ ನಂಬುವುದಿಲ್ಲ. ಫೋಟೋ ಕಳಿಸಿದೆ. "ಇದೆಲ್ಲಾ ಈಗ ಮೊಬೈಲ್‌ನ್ಯಾಗ ಮಾಡಾಕ ಬರ್ತದಲ್ಲ" ಅಂದಳು. ವಿಡಿಯೋ ಕಳಿಸಿದೆ. "ಆ ಡ್ರಮ್ಮಿನ ಹಿಂದ ನಿಂತಾಕಿ ಥೇಟ್ ನಿನ್ನಂಗ ಕಾಣ್ತಾಳ ನೋಡು" ಅಂದಳು. ಇಂಥವಳಿಗೆ ಏನು ಹೇಳುವುದು? ಹೂಬಳ್ಳಿಯ ಚಿತ್ತಾರದ ಅಂಗಿ ತೊಟ್ಟು, ಮಸ್ಕತ್ತಿನ ಖುರುಮ್‌ನ ದೊಡ್ಡ ಹೋಟೆಲೊಂದರಲ್ಲಿ, ಶುಕ್ರವಾರದ ಮಧ್ಯಾಹ್ನ ಜನ ಊಟ ಮಾಡುವಾಗ, ಪೀಪಾಯಿಯಂತಹ ಮೂರು ಕೊಂಗಾಗಳ ಹಿಂದೆ ನಿಂತು ಅಂಗೈಯಿಂದ ದಬದಬ ಬಡಿಯುತ್ತಿದ್ದವಳು ಸಾಕ್ಷಾತ್ ನಾನೇ. ನಾಲ್ಕು ವರ್ಷ ಬಡಿದೆ. ರಂಜಾನ್ ತಿಂಗಳು ಬಿಟ್ಟರೆ ಒಂದು ಶುಕ್ರವಾರವೂ ತಪ್ಪಿಸಲಿಲ್ಲ.

ಇದಕ್ಕೆಲ್ಲ ಹೊಣೆ ನನ್ನ ಮಗಳ ಗಿಟಾರ್ ಮಾಸ್ತರು. ಮಂಗಳೂರಿನ ಕಡೆಯ ಕ್ಯಾಥೊಲಿಕರು. ನಾನು ಮೊದಲ ಸಲ ಕಂಡಾಗಲೇ ಅವರಿಗೆ ಅರವತ್ತರ ಹತ್ತಿರ. ಬಿಳಿ ಹ್ಯಾಟು, ಬಣ್ಣ ಹಚ್ಚಿದ ಕರ್ರನೆಯ ಮೀಸೆ, ಎದೆಯ ಎರಡು ಗುಂಡಿ ಬಿಚ್ಚಿದ ರೇಷ್ಮೆ ಅಂಗಿ. ವಾದಿ ಕಬೀರಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಅವರನ್ನು ನೋಡಿದ ನನ್ನ ಗಂಡ ಮೇಲೆ ಬಂದು, "ಯಾವುದೋ ಎಂಬೆಸಿಯವರು ದಾರಿ ತಪ್ಪಿ ನಮ್ಮ ಬಿಲ್ಡಿಂಗಿಗೆ ಬಂದಾರ ನೋಡು" ಎಂದು ಪಿಸುಗುಟ್ಟಿದ್ದ. ಆತ ಹೇಳಿ ಮುಗಿಸುವುದರೊಳಗೆ ಎಂಬೆಸಿಯವರು ನಮ್ಮದೇ ಬೆಲ್ಲು ಒತ್ತಿದ್ದರು.

ಹೋಟೆಲಿನ ಅತಿಥಿಗಳೂ ಹಾಗೆಯೇ ಮೋಸಹೋಗುತ್ತಿದ್ದರು. ನೀವು ಕ್ಯೂಬಾದ ಯಾವ ಊರಿನವರು ಎಂದು ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರೆ, ಮಾಸ್ತರು ಹ್ಯಾಟು ತೆಗೆದು ಎದೆಗೆ ಒತ್ತಿಕೊಂಡು, "ಬಜಪೆ. ಏರ್‌ಪೋರ್ಟಿನಿಂದ ಹತ್ತೇ ನಿಮಿಷ" ಎನ್ನುತ್ತಿದ್ದರು. ಕೇಳಿದವರು ಬಹಳ ಗೌರವದಿಂದ ತಲೆದೂಗಿ ಹೋಗುತ್ತಿದ್ದರು.

ಮಾಸ್ತರು ಒಮಾನಿಗೆ ಬಂದದ್ದು ಇಪ್ಪತ್ತೆರಡನೆಯ ವಯಸ್ಸಿಗೆ, ಮತ್ರಾದ ಬಂದರಿನ ಹತ್ತಿರ ಪಂಪ್‌ಸೆಟ್ ಅಂಗಡಿಯೊಂದಕ್ಕೆ ಸ್ಟೋರ್‌ಕೀಪರ್ ಆಗಿ. ಕೈಯಲ್ಲಿದ್ದದ್ದು ಚರ್ಚಿನಲ್ಲಿ ಕಲಿತ ಚೂರುಪಾರು ಗಿಟಾರು. ಒಂದು ದಿನ ಸೂಕ್‌ನ, ಅಂದರೆ ಅಲ್ಲಿಯ ಹಳೆಯ ಪೇಟೆಯ, ಸಂದಿಯಲ್ಲಿ ಹೋಗುವಾಗ ಕ್ಯಾಸೆಟ್ ಅಂಗಡಿಯಿಂದ ಈ ಲ್ಯಾಟಿನ್ ರಾಕ್ ಕೇಳಿಸಿತಂತೆ. ಆ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು. "ಮೇಲೆ ಗಿಟಾರು ಅಳ್ತಾ ಉಂಟು, ಕೆಳಗೆ ಡೋಲು ಕುಣಿತಾ ಉಂಟು! ಎರಡೂ ಒಟ್ಟಿಗೆ ಹೇಗೆ ಆಗ್ತದೆ ಮಾರಾಯ್ರೆ? ಪಂಪಿನ ವಾಶರ್ ತರ್ತೇನೆ ಅಂತ ಹೊರಟವ ನಾನು. ಅಲ್ಲೇ ನಿಂತೆ. ಆ ಕಸ್ಟಮರ್ ಇನ್ನೂ ಕಾಯ್ತಾ ಇರಬಹುದು."

ಆಮೇಲೆ ವಾಶರ್ ಕಡೆ ಅವರ ಮನಸ್ಸು ಹೋಗಲೇ ಇಲ್ಲ. ಐದಾರು ವರ್ಷದಲ್ಲಿ ಹೋಟೆಲಿನ ಗಿಟಾರಿಸ್ಟ್ ಆದರು, ಅಲ್ಲಿಂದ ಮೂವತ್ತೈದು ವರ್ಷ ಒಂದೇ ಸಮನೆ ಬಾರಿಸಿದರು. ಫಿಲಿಪೀನ್ಸಿನ ಡ್ರಮ್ಮರುಗಳು, ಶ್ರೀಲಂಕಾದ ಬಾಸ್ ಗಿಟಾರಿನವರು, ಗೋವಾದ ಕೀಬೋರ್ಡಿನವರು ಬಂದರು, ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಹೋದರು. ಮಾಸ್ತರು ಮಾತ್ರ ಅಲ್ಲೇ. ಹೋಟೆಲಿನ ಟೆರೇಸಿನಲ್ಲಿ ಬಾರಿಸಿದರು. ಸಮುದ್ರದ ನಡುವೆ ದೋಣಿಯಲ್ಲಿ, ಎರಡು ಹಾಡಿನ ಮಧ್ಯೆ ಅಂಚಿಗೆ ಹೋಗಿ ವಾಂತಿ ಮಾಡಿ ಬಂದು ಬಾರಿಸಿದರು. ಮರಳುಗಾಡಿನ ಕ್ಯಾಂಪಿನಲ್ಲಿ ಒಂಟೆಯೊಂದು ಸ್ಪೀಕರಿಗೆ ಮೈ ತಿಕ್ಕಿ ಅದನ್ನು ಸ್ಟ್ಯಾಂಡ್ ಸಮೇತ ಕೆಡವಿದಾಗಲೂ ನಿಲ್ಲಿಸಲಿಲ್ಲವಂತೆ. ವರ್ಷಕ್ಕೆ ಒಂದು ತಿಂಗಳು, ರಂಜಾನಿನಲ್ಲಿ, ಹೋಟೆಲುಗಳಲ್ಲಿ ಸಂಗೀತ ಬಂದ್. ಆಗ ತಂತಿ ಬದಲಿಸಿ, ಗಿಟಾರಿಗೆ ಪಾಲಿಶ್ ಹಾಕಿ, ಸುಮ್ಮನೆ ಕೂರಲಾಗದೆ ಸಿಕ್ಕವರ ಮನೆಗೆಲ್ಲ ಹೋಗಿ ಮೀನಿನ ಬಗ್ಗೆ ಮಾತಾಡುತ್ತಿದ್ದರು.

ಪ್ರತಿ ಕಾರ್ಯಕ್ರಮದ ಕೊನೆಗೆ ಅವರದೇ ಒಂದು ರಚನೆ ಇತ್ತು. ಮಾತಿಲ್ಲ, ಬರೀ ಗಿಟಾರು. ಮತ್ರಾದ ಬಾಡಿಗೆ ರೂಮಿನಲ್ಲಿ ಕೂತು ಕಟ್ಟಿದ್ದು. ಅದಕ್ಕೆ ಹೆಸರೇ ಇರಲಿಲ್ಲ. ಹನ್ನೆರಡು ನಿಮಿಷ ಹಿಡಿಯುತ್ತಿದ್ದುದರಿಂದ ಬ್ಯಾಂಡಿನಲ್ಲಿ ಎಲ್ಲರೂ ಅದನ್ನು 'ಉದ್ದದ್ದು' ಎಂದೇ ಕರೆಯುತ್ತಿದ್ದೆವು.

ಇನ್ನು ನಾನು ಸಿಕ್ಕಿಬಿದ್ದ ಕಥೆ. ಶನಿವಾರ ಮಧ್ಯಾಹ್ನ ಮಗಳ ಪಾಠ ಹಾಲ್‌ನಲ್ಲಿ ನಡೆಯುತ್ತಿತ್ತು. ನಾನು ಎದುರಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನನ್ನ ಅಪ್ಪ ಧಾರವಾಡದಲ್ಲಿ ತಬಲಾ ಕಲಿಸುತ್ತಿದ್ದವರು. ಹನ್ನೆರಡು ವರ್ಷ ನನಗೂ ಕಲಿಸಿದ್ದರು. ಮದುವೆಯಾಗಿ ಮಸ್ಕತ್ತಿಗೆ ಬಂದಮೇಲೆ ತಬಲಾ ಕಪಾಟಿನ ಮೇಲೆ ಹೋಯಿತು, ಚಟ ಮಾತ್ರ ತಲೆಯಲ್ಲಿ ಉಳಿಯಿತು. ಧಾರವಾಡದಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ: ತಾಳ ಒಂದು ಸುತ್ತು ಸುತ್ತಿ ಮತ್ತೆ ಮೊದಲ ಮಾತ್ರೆಗೆ ಬಂದು ಸೇರುವ ಜಾಗಕ್ಕೆ ಸಮ್ ಎನ್ನುತ್ತಾರೆ. ಹಾಡುವವರು ಎಲ್ಲೆಲ್ಲೋ ಅಲೆದು ಸಮ್ಮಿಗೆ ಬಂದು ಬಿದ್ದಾಗ ಕೇಳುವವರ ತಲೆ ತಾನಾಗಿ ಕೆಳಗಿಳಿಯುತ್ತದೆ. ನಮ್ಮೂರಿನ ಕಚೇರಿಗಳಲ್ಲಿ ಇನ್ನೂರು ತಲೆ ಒಟ್ಟಿಗೆ ಇಳಿಯುವುದನ್ನು ನಾನು ಅಪ್ಪನ ತೊಡೆಯ ಮೇಲೆ ಕೂತು ನೋಡಿದ್ದೇನೆ. ಮಗಳ ಗಿಟಾರಿನ ಹಾಡು ನಾಲ್ಕುನಾಲ್ಕರ ಲೆಕ್ಕದಲ್ಲಿ ಹದಿನಾರು ಮಾತ್ರೆ ಸುತ್ತುತ್ತಿತ್ತು, ನಮ್ಮ ತೀನತಾಲದ ಹಾಗೆಯೇ. ರೊಟ್ಟಿ ಬಡಿಯುತ್ತಲೇ ಪ್ರತಿ ಸಮ್ಮಿಗೂ ನನ್ನ ತಲೆ ದೊಪ್ಪನೆ ಇಳಿಯುತ್ತಿತ್ತು. ನನಗೆ ಅದರ ಖಬರೂ ಇರಲಿಲ್ಲ.

ಮಾಸ್ತರು ಪಾಠ ಬಿಟ್ಟು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನನ್ನನ್ನೇ ದಿಟ್ಟಿಸಿ ನೋಡಿದರು. ರೊಟ್ಟಿ ಬೇಕೇನೋ ಎಂದುಕೊಂಡೆ.

"ಮೇಡಮ್, ನೀವು ನಮ್ಮ ಬ್ಯಾಂಡಿಗೆ ಬರಬೇಕು. ಕೊಂಗಾ ಬಾರಿಸ್ಲಿಕ್ಕೆ."

"ಅಯ್ಯ, ಏನ್ ಮಾತಾಡ್ತೀರಿ ಮಾಸ್ತರ! ನನ್ನ ಕೈ ನೀವು ಕೇಳೇ ಇಲ್ಲಲ್ಲ."

"ಕೇಳುವುದು ಎಂತದಕ್ಕೆ? ನೋಡಿದೆನಲ್ಲ."

ಮಗಳು ಹಾಲ್‌ನಿಂದಲೇ, "ಮಮ್ಮಿ, ಪ್ಲೀಸ್ ಡೋಂಟ್!" ಎಂದು ಕೂಗಿದಳು. ಅಷ್ಟು ಸಾಕಾಯಿತು. ನಾನು ಹೂಂ ಎಂದೆ.

ನಮ್ಮ ತಾಲೀಮು ನಡೆಯುತ್ತಿದ್ದದ್ದು ವಾದಿ ಕಬೀರಿನಲ್ಲೇ, ಕಾರಿನ ಸೀಟಿಗೆ ಕವರ್ ಹೊಲಿಯುವ ವರ್ಕ್‌ಶಾಪೊಂದರ ಹಿಂದಿನ ಕೋಣೆಯಲ್ಲಿ. ಶುಕ್ರವಾರ ಬೆಳಿಗ್ಗೆ ವರ್ಕ್‌ಶಾಪಿಗೆ ರಜೆ. ಗೋಡೆಯ ತುಂಬ ಫೋಮಿನ ಹಾಳೆಗಳನ್ನು ಒಟ್ಟಿದ್ದರಿಂದ ಎಷ್ಟು ಬಡಿದರೂ ಸದ್ದು ಹೊರಗೆ ಹೋಗುತ್ತಿರಲಿಲ್ಲ. ಮೊದಲ ತಿಂಗಳು ನನ್ನ ಅಂಗೈ ಬಾತು ಕೆಂಡಸಂಪಿಗೆಯ ಬಣ್ಣಕ್ಕೆ ತಿರುಗಿತು. ತಬಲಾದಲ್ಲಿ ಬೆರಳಿನ ತುದಿಯ ಕೆಲಸ, ಇಲ್ಲಿ ಇಡೀ ಅಂಗೈ ಬೀಳಬೇಕು. ಆದರೆ ಏನು ಮಜಾ ಅಂತೀರಿ! ಇಪ್ಪತ್ತು ವರ್ಷ ಕುಕ್ಕರಿನ ಸೀಟಿ ಎಣಿಸಿದವಳು ನಾನು. ನನ್ನ ಒಂದು ಏಟಿಗೆ ಫೋಮೆಲ್ಲ ನಡುಗುವುದನ್ನು ಕಂಡು ಒಬ್ಬಳೇ ಕಿಸಿಕಿಸಿ ನಗುತ್ತಿದ್ದೆ.

ಮಾಸ್ತರು ಬಾರಿಸುವಾಗ ನನ್ನ ಕಡೆಗೇ ತಿರುಗಿ ನಿಲ್ಲುತ್ತಿದ್ದರು. ಹೋಟೆಲಿನಲ್ಲೂ ಅಷ್ಟೇ. ಜನರಿಗೆ ಪಕ್ಕೆ ಕೊಟ್ಟು ನನ್ನ ಮುಖವನ್ನೇ ನೋಡುತ್ತ ಬಾರಿಸುವುದು. ನನ್ನ ಗಂಡ ಮೊದಮೊದಲು ಇದನ್ನು ಗಮನಿಸಿ ಸ್ವಲ್ಪ ಗರಂ ಆಗಿದ್ದ. "ಏನ್ ಅಷ್ಟ್ ನೋಡ್ತಾರ ನಿನ್ನ?" "ನನ್ನ ಕೈಗುಣ ಹಂಗ ಅದ" ಎಂದು ನಾನು ಹೆಮ್ಮೆಯಿಂದ ಹೇಳಿದ್ದೆ. ಆ ಹೆಮ್ಮೆ ಮೂರು ವರ್ಷ ಬಾಳಿತು.

ನಾಲ್ಕನೆಯ ವರ್ಷದ ಒಂದು ಶುಕ್ರವಾರ ಬೆಳಿಗ್ಗೆ ಉಳಿದವರೆಲ್ಲ ಎದುರಿನ ಅಂಗಡಿಗೆ ಕರಕ್ ಚಹಾ ಕುಡಿಯಲು ಹೋಗಿದ್ದರು. ಮಾಸ್ತರು, ನಾನು ಇಬ್ಬರೇ 'ಉದ್ದದ್ದು' ತಾಲೀಮು ಮಾಡುತ್ತಿದ್ದೆವು. ನಡುವೆ ಅವರದೇ ಬೂಟಿಗೆ ಸಿಕ್ಕಿ ಗಿಟಾರಿನ ವೈರು ಆಂಪ್ಲಿಫೈಯರಿನಿಂದ ಕಿತ್ತು ಬಂತು. ಕರೆಂಟಿನ ಗಿಟಾರು. ವೈರಿಲ್ಲದಿದ್ದರೆ ಅದರ ಸದ್ದು ಸೊಳ್ಳೆಯಷ್ಟು. ನಾನು ಕೊಂಗಾ ಬಡಿಯುತ್ತಲೇ ಇದ್ದೆ, ಈಗ ನಿಲ್ಲಿಸಿ ವೈರು ಹಾಕಿಕೊಳ್ಳುತ್ತಾರೆ ಎಂದು. ಅವರು ನಿಲ್ಲಿಸಲಿಲ್ಲ. ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ, ದೊಡ್ಡ ಆಲಾಪನೆ ಮಾಡುವವರ ಹಾಗೆ ಬಾರಿಸುತ್ತಲೇ ಹೋದರು.

"ಮಾಸ್ತರ, ವೈರ್ ಕಿತ್ತೇದ" ಎಂದೆ. ಮುಗುಳ್ನಕ್ಕರು. "ವೈರ್ ಕಿತ್ತೇದರಿ!" ಎಂದು ಕಿರುಚಿದೆ. ಇನ್ನೂ ಚೆನ್ನಾಗಿ ನಕ್ಕರು. ನಾನು ಕೈ ನಿಲ್ಲಿಸಿದೆ. ಅವರು ನಿಲ್ಲಿಸಲಿಲ್ಲ. ಕೈ ನಿಂತರೂ ನನ್ನ ತಲೆ ಚಟಕ್ಕೆ ಸಮ್ಮಿಗೆ ಇಳಿಯುತ್ತಲೇ ಇತ್ತು. ಅದು ಗಮನಕ್ಕೆ ಬಂದು ತಲೆಯನ್ನೂ ನಿಲ್ಲಿಸಿದೆ. ಅವರು ತಟ್ಟನೆ ನಿಂತುಬಿಟ್ಟರು.

ಮಾಸ್ತರು ಕೆಳಗೆ ಬಿದ್ದಿದ್ದ ವೈರನ್ನು ನೋಡಿದರು, ನನ್ನನ್ನು ನೋಡಿದರು, ಫೋಮಿನ ರಾಶಿಯ ಮೇಲೆ ಕೂತರು.

"ಬಲದ ಕಿವಿ ಪೂರ್ತಿ ಹೋಗಿದೆ. ಎಡದ್ದರಲ್ಲಿ ಚೂರು ಉಂಟು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ಗೊತ್ತಾಗ್ತದೆ, ಬಾರಿಸುವಾಗ ಅದೂ ಇಲ್ಲ. ಮೂವತ್ತೈದು ವರ್ಷ ಡ್ರಮ್ಮಿನ ಪಕ್ಕ ನಿಂತದ್ದಲ್ಲವಾ. ಕಿವಿಗೆ ಮಷೀನ್ ಹಾಕಿ ನೋಡಿದೆ. ಗಿಟಾರು ಮಿಕ್ಸಿಯ ಹಾಗೆ ಕೇಳ್ತದೆ. ಎಂತ ಸಾವು!"

"ಮತ್ತ ಹೆಂಗ ಬಾರಿಸ್ತೀರಿ?"

"ಬೆರಳಿಗೆ ಜಾಗ ಗೊತ್ತುಂಟು. ತಾಳ ಎಲ್ಲಿಗೆ ಬಂತು ಅಂತ ಮಾತ್ರ ಗೊತ್ತಾಗುವುದಿಲ್ಲ. ಅದಕ್ಕೆ ನಿಮ್ಮ ತಲೆ ನೋಡ್ತೇನೆ."

ಕನಿಕರಪಡಬೇಕಿತ್ತು ನಾನು. ಆದರೆ ನನ್ನ ಸ್ವಭಾವವೇ ಬೇರೆ. ಮೂಗಿನ ತುದಿಯ ಸಿಟ್ಟು ಭಗ್ಗನೆ ಎದ್ದಿತು. "ಅಂದ್ರ ನೀವು ನನ್ನ ಕೈ ನೋಡಿ ಕರೀಲಿಲ್ಲ! ನನ್ನ ತಲಿ ಸಲುವಾಗಿ ಕರದೀರಿ!"

"ಹೌದು. ಕೈ ಸಾವಿರ ಜನಕ್ಕೆ ಉಂಟು ಮೇಡಮ್. ಇಂಥ ತಲೆ ಮಸ್ಕತ್ತಿನಲ್ಲಿ ನಿಮ್ಮದೊಂದೇ."

ನಾನು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದೆ. ಅವರೂ ನಕ್ಕರು. ಚಹಾ ಕುಡಿದು ಬಂದವರು ನಮ್ಮಿಬ್ಬರನ್ನು ನೋಡಿ, ಏನು ಜೋಕ್ ಎಂದು ಕೇಳಿದರು. ನಾವು ಹೇಳಲಿಲ್ಲ.

ಆಮೇಲೆ ಅವರು ತಮ್ಮ ಆಸೆಯನ್ನು ಹೇಳಿದರು. ಏಪ್ರಿಲ್‌ಗೆ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗುವುದು ಆಗಲೇ ಗೊತ್ತಾಗಿತ್ತು. ಹೋಟೆಲಿನವರು ಕೊನೆಯ ಶುಕ್ರವಾರ ಬೀಳ್ಕೊಡುಗೆಯ ಕಾರ್ಯಕ್ರಮ ಇಟ್ಟಿದ್ದರು. ಅದಕ್ಕೆ ಅವರ ಹೆಂಡತಿ ಮಂಗಳೂರಿನಿಂದ ಬರುವವರಿದ್ದರು. ಆಕೆ ಅಲ್ಲಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಹಿಂದೆ ಬೇಸಿಗೆ ರಜೆಗೆ ಬಂದಾಗಲೆಲ್ಲ ಮಕ್ಕಳು ಚಿಕ್ಕವರು, ಆಗೆಲ್ಲ ಕಾರ್ಯಕ್ರಮ ರಾತ್ರಿ ಹೊತ್ತು, ಹಾಲ್‌ಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. "ನನ್ನ ಗಿಟಾರು ಅವಳು ಅಡಿಗೆ ಕೋಣೆಯಿಂದ ಕೇಳಿದ್ದು ಮಾತ್ರ. ಬ್ಯಾಂಡಿನೊಟ್ಟಿಗೆ ನಾನು ನಿಂತದ್ದನ್ನು ಒಂದು ಸಲವೂ ನೋಡಲಿಲ್ಲ. ಅವಳ ಎದುರು 'ಉದ್ದದ್ದು' ಒಂದು ಸಲ ಸರಿಯಾಗಿ ಮುಗಿಸಬೇಕು. ಆಮೇಲೆ ಖಲಾಸ್. ಕಿವಿ ಹೋದದ್ದು ಹೋಟೆಲಿನವರಿಗೆ ಗೊತ್ತಾದರೆ ಸ್ಟೇಜಿಗೇ ಬಿಡ್ಲಿಕ್ಕಿಲ್ಲ. ಅವಳಿಗಂತೂ ಗೊತ್ತೇ ಆಗಬಾರದು. ಪಾಪ ಅಂತ ನೋಡಿದರೆ ನನಗೆ ಬಾರಿಸ್ಲಿಕ್ಕೆ ಆಗುವುದಿಲ್ಲ."

ನಾನು ನನ್ನ ತಲೆಯ ಮೇಲೇ ಕೈಯಿಟ್ಟು ಆಣೆ ಮಾಡಿದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ತಲೆಯ ತಾಲೀಮು! ಸಮ್ಮಿಗೆ ಒಂದು ಇಳಿತ. ಗಲ್ಲ ಎಡಕ್ಕೆ ತಿರುಗಿದರೆ ಇನ್ನೆರಡು ಸುತ್ತು. ಬಲಕ್ಕೆ ತಿರುಗಿದರೆ ಮುಗಿಸಿ. ಹುಬ್ಬು ಏರಿದರೆ ನೀವು ಮುಂದೆ ಓಡುತ್ತಿದ್ದೀರಿ, ಸ್ವಲ್ಪ ಕಾಯಿರಿ. ಮೂರು ತಿಂಗಳು ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ಬಸ್ಸಿಗೆ ಕಾಯುವಾಗ, ಹದಿನಾರು ಎಣಿಸುವುದು, ತಲೆ ಇಳಿಸುವುದು. "ಮನಿಯೊಳಗ ಕೋಲೆಬಸವನ್ನ ಕಟ್ಟಿಕೊಂಡಂಗ ಆಗೇದ" ಎಂದ ನನ್ನ ಗಂಡ. ಅವನಿಗೂ ನಾನು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಒಂದು ಸಂಜೆ ಟೀವಿ ನೋಡುತ್ತ ಏನೋ ಕೇಳಿದ, ನಾನು ಹದಿನಾರು ಮುಗಿಸಿ ತಲೆ ಇಳಿಸಿದೆ. ಮರುದಿನ ಮಧ್ಯಾಹ್ನ ಅವನ ಆಫೀಸಿನವರು ಒಂದು ಸಂಸಾರ, ಆರು ಜನ, ಕೈಯಲ್ಲಿ ಹಲ್ವಾದ ಡಬ್ಬಿ ಹಿಡಿದು ಊಟಕ್ಕೆ ಬಂದು ನಿಂತರು.

"ಕರೀಲೇನು ಅಂದ್ರ ನೀನಽ ಹೂಂ ಅಂದಿ!" ಎಂದು ಗಂಡ ಅಡುಗೆಮನೆಯಲ್ಲಿ ಹಲ್ಲು ಕಚ್ಚಿದ.

"ನಾ ಯಾವಾಗ ಅಂದೆ? ಅದು ಸಮ್ಮು!"

ಆರೂ ಜನರಿಗೆ ಉಪ್ಪಿಟ್ಟು ಬಡಿಸಿದೆ.

ಏಪ್ರಿಲ್ ಬಂತು. ಆ ಶುಕ್ರವಾರ ಹೊರಗೆ ಬಿಸಿಲು ಧಗಧಗ, ಹಾಲ್‌ನೊಳಗೆ ಏಸಿಯ ಚಳಿ. ಖಾಲಿ ಕುರ್ಚಿ ಒಂದೂ ಇರಲಿಲ್ಲ. ಮಾಸ್ತರ ಹತ್ತಿರ ಗಿಟಾರು ಕಲಿತ ಎಷ್ಟೋ ಮಕ್ಕಳು, ಅವರ ಅಪ್ಪ ಅಮ್ಮ, ಮತ್ರಾದ ಹಳೆಯ ವ್ಯಾಪಾರಿಗಳು, ವೀಸಾ ಕೊಟ್ಟು ಕರೆಸಿಕೊಂಡ ಅವರ ಮೊದಲ ಕಫೀಲ್ ಆಗಿದ್ದ ಒಮಾನಿ ಅಜ್ಜ, ಎಲ್ಲರೂ ಬಂದಿದ್ದರು. ಮುಂದಿನ ಟೇಬಲ್ಲಿನಲ್ಲಿ ಮಾಸ್ತರ ಹೆಂಡತಿ. ನೀಲಿ ಸೀರೆ, ತೆಳ್ಳಗೆ ನೆಟ್ಟಗೆ ಕೂತ ಟೀಚರು. ಪಕ್ಕದಲ್ಲಿ ನನ್ನ ಗಂಡ, ಮಗಳು. ಕಾರ್ಯಕ್ರಮಕ್ಕೆ ಮೊದಲು ಆಕೆ ನನ್ನ ಕೈ ಹಿಡಿದು, "ನಮ್ಮವರು ನಿಮ್ಮದೇ ಸುದ್ದಿ ಹೇಳುವುದು" ಅಂದರು.

ಎಂಟು ಹಾಡು ಎಳ್ಳಷ್ಟೂ ತಪ್ಪದೆ ಹೋದವು. ನನ್ನ ತಲೆ ಗಡಿಯಾರದ ಹಾಗೆ ಇಳಿಯಿತು. ಮಾಸ್ತರು ನನ್ನನ್ನೇ ನೋಡುತ್ತ ಬಾರಿಸಿದರು, ಹಾಡಿಗೆ ಹಾಡಿಗೆ ಹರೆಯದವರಾದರು. ಮಕ್ಕಳು ಟೇಬಲ್ಲು ಸರಿಸಿ ಕುಣಿಯತೊಡಗಿದರು. ಕಫೀಲ್ ಅಜ್ಜ ಕೋಲಿನಿಂದ ನೆಲ ಕುಟ್ಟಿದರು. ನಾನಂತೂ ನೆಲದಿಂದ ಒಂದು ಗೇಣು ಮೇಲೆಯೇ ಇದ್ದೆ. ಕೊನೆಗೆ ಮಾಸ್ತರು ಬೆರಳೆತ್ತಿದರು. 'ಉದ್ದದ್ದು' ಶುರುವಾಯಿತು.

ಆರು ನಿಮಿಷ, ಏಳು ನಿಮಿಷ. ಎಲ್ಲ ಸರಿ. ಎಂಟನೆಯ ನಿಮಿಷಕ್ಕೆ ಅವರು ಒಂದು ಕೆಲಸ ಮಾಡಿದರು. ಮೊದಲು ಎಂದೂ ಮಾಡಿರಲಿಲ್ಲ. ಒಂದೇ ಸ್ವರವನ್ನು ಹಿಡಿದು ನಿಲ್ಲಿಸಿಬಿಟ್ಟರು. ಅದು ಸಣ್ಣಗಾಗುತ್ತ ಆಗುತ್ತ, ಇನ್ನೇನು ಆರಿಹೋಯಿತು ಅನ್ನುವಷ್ಟರಲ್ಲಿ ಬೆರಳನ್ನು ತಂತಿಯ ಮೇಲೆ ಸರ್ರನೆ ಜಾರಿಸಿ ಎಲ್ಲಿಗೋ ಮೇಲಕ್ಕೆ ಒಯ್ದರು. ಅಯ್ಯೋ, ಎಂಥ ಜಾರು ಅದು! ನನ್ನ ಕರುಳೇ ಅದರ ಜೊತೆ ಮೇಲೆ ಹೋಯಿತು. ಧಾರವಾಡದಲ್ಲಾಗಿದ್ದರೆ ಇಡೀ ಸಭೆ "ಆಹಾ!" ಎಂದು ತಲೆ ಒಗೆಯುತ್ತಿತ್ತು. ನಾನೂ ಒಗೆದೆ. ಕಣ್ಣು ಮುಚ್ಚಿ, ಬಾಯಿಬಿಟ್ಟು "ಆಹಾ!" ಎಂದು ತಲೆಯನ್ನು ಇಳಿಸಿಬಿಟ್ಟೆ.

ಒಂಬತ್ತನೆಯ ಮಾತ್ರೆಯಲ್ಲಿ! ಸಮ್ಮು ಇನ್ನೂ ಅರ್ಧ ಸುತ್ತು ಆಚೆ ಇತ್ತು.

ಕಣ್ಣು ತೆರೆಯುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಮಾಸ್ತರು ನನ್ನ ತಲೆಯನ್ನು ನಂಬಿ ಪಲ್ಲವಿಗೆ ಧುಮುಕಿದ್ದರು. ಬಾಸಿನವನು ಅವರ ಹಿಂದೆ ಓಡಿದ, ಕೀಬೋರ್ಡಿನವನು ಹಳೆಯ ಜಾಗದಲ್ಲೇ ನಿಂತ, ಡ್ರಮ್ಮರ್ ಎರಡೂ ಕಡೆ ಓಡಲು ಹೋಗಿ ಕೋಲು ಕೆಳಗೆ ಬೀಳಿಸಿದ. ಸಂತೆಯಲ್ಲಿ ನಾಯಿ ಹೊಕ್ಕ ಹಾಗಾಯಿತು. ಕುಣಿಯುತ್ತಿದ್ದ ಮಕ್ಕಳು ನಿಂತರು. ಮಾಸ್ತರು ಮಾತ್ರ ಸಂತೋಷದಿಂದ ಪಲ್ಲವಿ ಬಾರಿಸುತ್ತಲೇ ಇದ್ದರು, ನನ್ನ ಮುಖ ನೋಡುವ ತನಕ.

ಕೈ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು. ಹೋಟೆಲಿನ ಮ್ಯಾನೇಜರು ಸ್ಟೇಜಿನ ಹತ್ತಿರ ಬಂದು ಏನಾಯಿತು, ಮೈ ಸರಿಯಿಲ್ಲವೇ ಎಂದು ಕೇಳಿದ. ಮಾಸ್ತರ ಬಲಕ್ಕೆ ನಿಂತು ಕೇಳಿದ. ಅವರು ತಿರುಗಲೂ ಇಲ್ಲ. ಅವನು ಇನ್ನೊಮ್ಮೆ ಕೇಳಿದ. ಆಗ ಹಾಲ್‌ನಲ್ಲಿ ಒಬ್ಬೊಬ್ಬರಿಗೇ ಅರ್ಥವಾಗುತ್ತಾ ಹೋಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಲವತ್ತು ವರ್ಷದ ದುಡಿಮೆ, ಒಂದೇ ಒಂದು ಆಸೆ, ಅದನ್ನು ಕಾಪಾಡುತ್ತೇನೆಂದು ಆಣೆ ಮಾಡಿದವಳು ನಾನು. ನಾನೇ ಕೆಡಿಸಿದೆ.

ಮಾಸ್ತರು ಮೈಕ್ ತೆಗೆದುಕೊಂಡು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು: ಕ್ಷಮಿಸಿ, ನನಗೆ ಕಿವಿ ಕೇಳುವುದಿಲ್ಲ, ಕೆಲವು ವರ್ಷಗಳಿಂದ ಕೇಳುವುದಿಲ್ಲ. ಆಮೇಲೆ ಹ್ಯಾಟು ತೆಗೆದರು. ಅವರ ಬೋಳು ತಲೆಯನ್ನು ನಾನು ನೋಡಿದ್ದು ಆವತ್ತೇ ಮೊದಲು. ಹೆಂಡತಿಯ ಕಡೆ ನೋಡುವ ಧೈರ್ಯ ಅವರಿಗಿರಲಿಲ್ಲ.

ಟೀಚರು ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ಸ್ಟೇಜಿನ ಮೇಲೆ ಮಾಸ್ತರನ್ನು ಬಿಟ್ಟರೆ ಕನ್ನಡ ತಿಳಿಯುವವಳು ನಾನೊಬ್ಬಳಿದ್ದೆನಲ್ಲ, ನನ್ನನ್ನು ನೋಡಿ, ಹಿಂದಿನ ಬೆಂಚಿನ ಹುಡುಗರಿಗೂ ಕೇಳಿಸುವ ದನಿಯಲ್ಲಿ ಹೇಳಿದರು: "ಇದೆಂತ ಹೊಸ ಸುದ್ದಿಯಾ ಮಾರಾಯ್ರೆ? ಆರು ವರ್ಷದಿಂದ ಫೋನಿನಲ್ಲಿ ಕಿರುಚಿ ಕಿರುಚಿ ನನ್ನ ಗಂಟಲು ಹೋಯಿತು. ಇವರಿಗೆ ಕೇಳುವುದಿಲ್ಲ ಅಂತ ನನಗೆ ಗೊತ್ತುಂಟು, ಪಕ್ಕದ ಮನೆಯವರಿಗೆ ಗೊತ್ತುಂಟು, ನಮ್ಮ ಚರ್ಚಿನ ಫಾದರಿಗೂ ಗೊತ್ತುಂಟು! ನಾನು ಪ್ಲೇನ್ ಹತ್ತಿ ಬಂದದ್ದು ಇವರ ಭಾಷಣ ಕೇಳ್ಲಿಕ್ಕಾ? ಬಾರಿಸ್ಲಿಕ್ಕೆ ಹೇಳಿ!"

ಕನ್ನಡ ಬಲ್ಲವರು ಹೋ ಎಂದು ನಕ್ಕರು. ಬಾರದವರೂ ಆಕೆಯ ಕೈ ಆಡಿಸುವುದನ್ನು ನೋಡಿಯೇ ನಕ್ಕರು. ಕಫೀಲ್ ಅಜ್ಜ "ಯಲ್ಲಾ!" ಎಂದು ಅರಬ್ಬಿಯಲ್ಲಿ ಹುರಿದುಂಬಿಸಿದರು. ಆಕೆ ಅದನ್ನೇ ಗಂಡನಿಗೆ ಕೊಂಕಣಿಯಲ್ಲಿ, ತುಟಿ ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದರು. ಮಾಸ್ತರ ಮೀಸೆ ಒಮ್ಮೆ ಅದುರಿತು.

ಅವರು ನನ್ನ ಹತ್ತಿರ ಬಂದರು. "ಮೇಡಮ್, ತಲೆ ಬೇಡ. ಇನ್ನು ನಿಮ್ಮ ತಲೆಯನ್ನು ನಂಬಿದರೆ ನನ್ನ ಕಥೆ ಅಷ್ಟೇ."

"ಮಾಸ್ತರ, ತಪ್ಪಾತರಿ. ನೀವು ಅಷ್ಟ್ ಚಂದ ಬಾರಿಸಿದರ ನಾ ಏನ್ ಮಾಡ್ಲಿ?" ಎನ್ನುವಾಗ ನಾನು ಅಳುತ್ತಿದ್ದೆ.

ಅವರು ಒಂದು ಕುರ್ಚಿ ಎಳೆದು ನನ್ನ ದೊಡ್ಡ ಕೊಂಗಾದ ಪಕ್ಕ, ಜನರ ಕಡೆ ಮುಖಮಾಡಿ ಕೂತರು. ಬಗ್ಗಿ ಬಲಗಾಲಿನ ಬೂಟು ಬಿಚ್ಚಿದರು. ಕಾಲುಚೀಲ ತೆಗೆದರು. ಐದು ನಕ್ಷತ್ರದ ಹೋಟೆಲಿನ ನಟ್ಟನಡುವೆ ಬರಿಗಾಲು ಎತ್ತಿ ನನ್ನನ್ನು ನೋಡಿದರು. "ಇದಕ್ಕೆ ತಾಗಿಸಿ ಇಟ್ಟರೆ ಏಟು ಗೊತ್ತಾಗ್ತದೆ ಅಂತ ಕಾಣ್ತದೆ. ಇಡಬಹುದಾ?"

ತಬಲಾದ ಪಕ್ಕ ಹಾದುಹೋಗುವಾಗ ಲಂಗದ ಅಂಚು ತಾಗಿದರೂ ನಮ್ಮಪ್ಪ ಮೂರು ಸಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೇಳುತ್ತಿದ್ದರು. ವಾದ್ಯಕ್ಕೆ ಕಾಲು ತಾಗಿಸುವುದೆಂದರೆ ನಮ್ಮ ಮನೆಯಲ್ಲಿ ತಾಯಿಗೆ ಒದ್ದಂತೆ. ಮಾಸ್ತರಿಗೂ ಇದು ಗೊತ್ತಿತ್ತು. ಪ್ರತಿ ಕಾರ್ಯಕ್ರಮಕ್ಕೂ ಮೊದಲು ನಾನು ಕೊಂಗಾಗೆ ನಮಸ್ಕಾರ ಮಾಡುವುದನ್ನು ಅವರು ನಾಲ್ಕು ವರ್ಷ ನೋಡಿದ್ದರು. ಅದಕ್ಕೇ ಕಾಲನ್ನು ಗಾಳಿಯಲ್ಲೇ ಹಿಡಿದು ಕಾಯುತ್ತಿದ್ದರು. ಬಿಳಿಚಿದ ಪಾದ, ಬೂಟಿನ ಗುರುತು ಕೂತ ಬೆರಳು, ಅರವತ್ತನಾಲ್ಕು ವರ್ಷದ ಕಾಲು ನಡುಗುತ್ತಿತ್ತು.

"ಇಡ್ರಿ" ಎಂದೆ. "ಗಟ್ಟಿ ಒತ್ತಿ ಇಡ್ರಿ ಮಾಸ್ತರ."

ಕೊಂಗಾದ ಹೊಟ್ಟೆಗೆ ಅವರು ಪಾದ ಒತ್ತಿದರು. ನಾನು ಸಮ್ಮಿನ ಏಟು ಕೊಟ್ಟೆ. ಅವರ ಮುಖ ಅರಳಿತು. ಇನ್ನೊಂದು ಕೊಟ್ಟೆ. "ಓ! ಇದು ಉಂಟಲ್ಲ! ಇಷ್ಟು ವರ್ಷ ಇದು ಇಲ್ಲೇ ಇತ್ತಲ್ಲ!" ಎಂದು ಚಿಕ್ಕ ಮಕ್ಕಳ ಹಾಗೆ ಕೂಗಿದರು. 'ಉದ್ದದ್ದು' ಮೊದಲಿನಿಂದ ಮತ್ತೆ ಶುರುವಾಯಿತು.

ನಾನು ತಲೆಯನ್ನು ಬಿಟ್ಟುಬಿಟ್ಟೆ. ಅದು ಎಲ್ಲಿ ಬೇಕೋ ಅಲ್ಲಿ ಇಳಿಯಲಿ, ಆಹಾ ಅನ್ನಲಿ, ಓಹೋ ಅನ್ನಲಿ. ಮಾಸ್ತರಿಗೆ ಈಗ ಅದರ ಹಂಗಿರಲಿಲ್ಲ. ಮೂರು ನಾಲ್ಕು ಸುತ್ತು ಕಳೆದ ಮೇಲೆ ನನಗೆ ಹೊಳೆಯಿತು, ನನಗೆ ಕಾಣುತ್ತಿರುವುದು ಅವರ ಬೆನ್ನು, ಕುತ್ತಿಗೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ತಾಳ ಕಾಲಿನಲ್ಲಿ ಇತ್ತಲ್ಲ, ಕಣ್ಣು ಖಾಲಿ ಆಗಿತ್ತು. ಹನ್ನೆರಡು ನಿಮಿಷವೂ ಅವರು ಮುಂದಿನ ಟೇಬಲ್ಲಿನ ನೀಲಿ ಸೀರೆಯನ್ನೇ ನೋಡುತ್ತ ಬಾರಿಸಿದರು. ಟೀಚರು ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳುತ್ತಿದ್ದರು, ಕಣ್ಣೀರು ಸುರಿಯುತ್ತಿತ್ತು, ತಲೆ ಆಡುತ್ತಿತ್ತು. ತಾಳಕ್ಕೂ ಅದಕ್ಕೂ ಏನೇನೂ ಸಂಬಂಧ ಇರಲಿಲ್ಲ.